ಛಲದ ಲೆಕ್ಕ, ದೇಹದ ಲೆಕ್ಕ

ಫುಟ್‌ಬಾಲ್ ಆಟಗಾರನ ದೇಹಕ್ಕಿರುವ ಮಿತಿಗಳಲ್ಲಿ ಕೆಲವು ಹುಟ್ಟಿನಿಂದ ಬಂದವು: ಎತ್ತರ, ಮೂಳೆಯ ಗಾತ್ರ, ಓಟದ ವೇಗ. ಮಿಕ್ಕವು ಊಟ, ನಿದ್ದೆ, ಬೂಟು, ಮೈದಾನ, ಚಿಕಿತ್ಸೆಗಳ ಕೊರತೆಯಿಂದ ಬರುವಂಥವು. ಹುಟ್ಟಿನ ಮಿತಿಯನ್ನು ಗಟ್ಟಿ ಮನಸ್ಸಿನ ಆಟಗಾರರು ಎಷ್ಟೋ ಸಲ ದಾಟಿದ್ದಾರೆ. ಕೊರತೆಯನ್ನು ಮಾತ್ರ ಬರಿಯ ಮನಸ್ಸಿನಿಂದ ತುಂಬಲಾಗದು. ಈ ವ್ಯತ್ಯಾಸ ಮರೆತು ‘ಛಲವೊಂದಿದ್ದರೆ ಸಾಕು’ ಎಂದು ಹುಡುಗರಿಗೆ ಭಾಷಣ ಬಿಗಿಯುವ ರೂಢಿ ಈಚೆಗೆ ಹೆಚ್ಚಾಗಿದೆ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯ ಕಡಕೊಳ ಕೈಗಾರಿಕಾ ಊರು. ಅಂಥ ಊರಿನಲ್ಲಿ ಪಾಳಿ ಮುಗಿಸಿ ಬಂದು ಚೆಂಡೊದೆಯುವ ಹುಡುಗ ಎರಡನೇ ಹಾಫ್‌ನಲ್ಲಿ ಮಂಡಿಗೆ ಕೈಯೂರಿ ಬಗ್ಗಿ ನಿಂತರೆ, ‘ಕೆಚ್ಚಿಲ್ಲ’ ಎಂಬ ಮಾತು ಗೆರೆಯಾಚೆಯಿಂದ ತಟ್ಟನೆ ಬರುತ್ತದೆ. ಎಂಟು ಗಂಟೆ ಯಂತ್ರದ ಮುಂದೆ ನಿಂತು ಬಂದ ಕಾಲು ಅದು ಎಂಬುದನ್ನು ಯಾರೂ ಎಣಿಸುವುದಿಲ್ಲ.

ಕರ್ನಾಟಕದಲ್ಲಿ ಈ ಆಟ ಬೇರು ಬಿಟ್ಟದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ, ಬ್ರಿಟಿಷ್ ಪಡೆಗಳ ಜೊತೆಯಲ್ಲಿ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದಿತು. 1946–47ರಲ್ಲಿ ಮೈಸೂರು ರಾಜ್ಯ ತಂಡ ಸಂತೋಷ್ ಟ್ರೋಫಿ ತಂದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತ ತಂಡದಲ್ಲಿ ಅಹ್ಮದ್ ಖಾನ್, ರಾಮನ್, ಧನರಾಜ್, ವಜ್ರವೇಲು ಮೊದಲಾದ ಬೆಂಗಳೂರಿನವರಿದ್ದರು. ಹೆಚ್ಚಿನವರದು ಬರಿಗಾಲು. ಫ್ರಾನ್ಸ್ ಎದುರು ರಾಮನ್ ಗೋಲು ಹೊಡೆದರೂ ತಂಡ 1–2ರಿಂದ ಸೋತಿತು. ಆ ಪಂದ್ಯವನ್ನು ನೆನೆಯುವವರು ಬರಿಗಾಲಿನ ಮಾತನ್ನೇ ಆಡುತ್ತಾರೆ. ಕೈತಪ್ಪಿದ ಎರಡು ಪೆನಾಲ್ಟಿಗಳನ್ನು ಮರೆಯುತ್ತಾರೆ. 1952ರ ಹೆಲ್ಸಿಂಕಿಯ ಕಥೆ ಬೇರೆ. ಅಲ್ಲಿನ ಚಳಿಯಲ್ಲಿ ಯುಗೊಸ್ಲಾವಿಯಾ ಎದುರು 1–10ರ ಸೋಲು; ಆ ಒಂದು ಗೋಲು ಅಹ್ಮದ್ ಖಾನರದು. ಅಲ್ಲಿ ಕೊರತೆಯಿದ್ದದ್ದು ಧೈರ್ಯದ್ದಲ್ಲ, ಬೂಟಿನದು. ಅದಾದ ಮೇಲೆ ಬೂಟು ಕಡ್ಡಾಯವಾಯಿತು.

ಮನಸ್ಸು ಮತ್ತು ದೇಹದ ಲೆಕ್ಕವನ್ನು ಒಟ್ಟಿಗೆ ಹಾಕಿದ ಮೊದಲ ಭಾರತೀಯ ಕೋಚ್ ಎಂದು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರನ್ನು ಕರೆಯಲು ಅಡ್ಡಿಯಿಲ್ಲ. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಡಿಫೆಂಡರ್ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ರಹೀಮರು ಅವರನ್ನು ಹಿಂದಿನಿಂದ ಎತ್ತಿ ಸೆಂಟರ್ ಫಾರ್ವರ್ಡ್ ಜಾಗದಲ್ಲಿ ನಿಲ್ಲಿಸಿದರು. ಸೆಮಿಫೈನಲ್‌ನಲ್ಲೂ ಜರ್ನೈಲ್ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಸೆಪ್ಟೆಂಬರ್ 4ರಂದು ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಜ್ವರದಿಂದ ಎದ್ದುಬಂದ ಪೀಟರ್ ತಂಗರಾಜ್ ಅಂದು ಗೋಲ್‌ಕೀಪರ್. ಸ್ವತಃ ರಹೀಮರನ್ನು ಕ್ಯಾನ್ಸರ್ ಹಿಂಡುತ್ತಿತ್ತು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಈ ಪ್ರಸಂಗವನ್ನು ಎದೆಗಾರಿಕೆಯ ಕಥೆಯಾಗಿ ಹೇಳುವವರು ಬಹಳ. ಅದು ಅಷ್ಟೇ ಅಲ್ಲ. ಡಿಫೆಂಡರ್ ಆಗಿ ಮೇಲಿಂದ ಮೇಲೆ ಚೆಂಡಿಗೆ ತಲೆ ಕೊಡಲಾಗದವನಿಗೆ ಹೊಸ ಜಾಗ ಹುಡುಕಿದ ಕೋಚ್‌ನ ಜಾಣ್ಮೆ ಅದರಲ್ಲಿದೆ. ಹಾಗೆಂದು ಅಂಥ ಗಾಯದೊಂದಿಗೆ ಆಡಿಸುವುದು ಇಂದು ಅನುಕರಣೀಯವಲ್ಲ. ಸ್ಕಾಟ್‌ಲೆಂಡಿನ ಮಾಜಿ ವೃತ್ತಿಪರ ಆಟಗಾರರಲ್ಲಿ ಮಿದುಳು ಕ್ಷಯಿಸುವ ಕಾಯಿಲೆಗಳಿಂದ ಬರುವ ಸಾವು ಉಳಿದವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು 2019ರ ಅಧ್ಯಯನ ತೋರಿಸಿತು.

ಶಾಸ್ತ್ರದ ಕಡೆಯಿಂದ ಮನೋಬಲದ ಚರ್ಚೆ ಬಂದದ್ದು ತಡವಾಗಿ. 1980ರ ದಶಕದಲ್ಲಿ ಅಮೆರಿಕದ ಜೇಮ್ಸ್ ಲೋಹರ್ ಅದನ್ನು ಜನಪ್ರಿಯಗೊಳಿಸಿದರು. ಬ್ರಿಟನ್ನಿನಲ್ಲಿ ಗ್ರಹಾಂ ಜೋನ್ಸ್ ಮತ್ತು ಸಂಗಡಿಗರು 2002ರಲ್ಲಿ ವ್ಯಾಖ್ಯೆ ಕೊಟ್ಟರು. ರಿಚರ್ಡ್ ಥೆಲ್ವೆಲ್ ಮತ್ತು ಜೊತೆಗಾರರು 2005ರಲ್ಲಿ ಅದನ್ನು ಫುಟ್‌ಬಾಲ್ ಆಟಗಾರರಿಗೆ ಒಗ್ಗಿಸಿದರು. ಇವೆಲ್ಲ ಬಹುಪಾಲು ಆಟಗಾರರ ಬಾಯಿಮಾತನ್ನು ನೆಚ್ಚಿದವು. ಇವಕ್ಕಿಂತ ಗಟ್ಟಿಯಾದ ದಾರಿ ದಕ್ಷಿಣ ಆಫ್ರಿಕದ ಟಿಮ್ ನೋಕ್ಸ್ ಮತ್ತು ಇಟಲಿ ಮೂಲದ ಸಾಮುಯೆಲೆ ಮಾರ್ಕೋರಾ ಅವರದು. ದಣಿವು ಸ್ನಾಯುವಿನಲ್ಲಷ್ಟೇ ಇಲ್ಲ, ಮಿದುಳಿನಲ್ಲೂ ಇದೆ ಎಂಬಲ್ಲಿ ಇಬ್ಬರೂ ಕೂಡುತ್ತಾರೆ. ಹೇಗೆ ಎಂಬಲ್ಲಿ ಬೇರೆಯಾಗುತ್ತಾರೆ. 2009ರಲ್ಲಿ ಮಾರ್ಕೋರಾ ತಂಡ ಕೆಲವರಿಗೆ ತೊಂಬತ್ತು ನಿಮಿಷ, ಅಂದರೆ ಒಂದು ಪಂದ್ಯದಷ್ಟು ಹೊತ್ತು, ಏಕಾಗ್ರತೆ ಬೇಡುವ ಕೆಲಸ ಕೊಟ್ಟು ಆಮೇಲೆ ಸೈಕಲ್ ತುಳಿಸಿತು. ಅವರು ಬೇಗ ಕೈಚೆಲ್ಲಿದರು. ಹೃದಯ, ಶ್ವಾಸಕೋಶಗಳಲ್ಲಿ ಅದಕ್ಕೆ ಕಾರಣ ಸಿಗಲಿಲ್ಲ. ತುಳಿಯುವುದು ಅವರಿಗೆ ಹೆಚ್ಚು ಕಷ್ಟವೆನ್ನಿಸಿತ್ತು, ಅಷ್ಟೆ. ಪಾಳಿ ಮುಗಿಸಿ ಬಂದ ಕಡಕೊಳದ ಹುಡುಗನ ಏದುಸಿರಿಗೆ ಇದಕ್ಕಿಂತ ಹತ್ತಿರದ ವಿವರಣೆ ಬೇರೆ ಇಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಮನೋವಿಜ್ಞಾನ ವಿಭಾಗ ಕಟ್ಟಿದ್ದು 1924ರಲ್ಲಿ. ಇಂಥ ಅಧ್ಯಯನಕ್ಕೆ ಅದಕ್ಕಿಂತ ಒಪ್ಪುವ ನೆಲೆ ರಾಜ್ಯದಲ್ಲಿಲ್ಲ.

1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಬಳಿಕ ಅದನ್ನು ಮತ್ತೆ ತರಲು ರಾಜ್ಯ ತಂಡ 54 ವರ್ಷ ಕಾಯಬೇಕಾಯಿತು; 2023ರ ಮಾರ್ಚ್‌ನಲ್ಲಿ ರಿಯಾದ್‌ನ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿತು. ನಡುವಿನ ಕಾಲದಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಭಾರತ ತಂಡದ ನಾಯಕರಾದರು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಊಟ, ನಿದ್ದೆ, ಚೇತರಿಕೆಗಳನ್ನೂ ತರಬೇತಿಯ ಭಾಗವೆಂದೇ ಕಂಡಿತು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಆ ತಂಡದ ಸುನಿಲ್ ಛೇತ್ರಿಯವರ ಎತ್ತರ 170 ಸೆಂಟಿಮೀಟರ್ ಆಸುಪಾಸು. ತನಗಿಂತ ಎತ್ತರದ ಡಿಫೆಂಡರ್‌ಗಳ ನಡುವೆ ಚೆಂಡು ಬರುವ ಮೊದಲೇ ಜಾಗ ಹಿಡಿದು, ಸರಿಯಾದ ಗಳಿಗೆಗೆ ಜಿಗಿದು ಹೆಡ್ ಮಾಡುವುದು ಅವರ ಆಟ. 2024ರ ಜೂನ್‌ನಲ್ಲಿ ಭಾರತ ತಂಡಕ್ಕೆ ವಿದಾಯ ಹೇಳಿದಾಗ ವಯಸ್ಸು 39, ಅಂತರರಾಷ್ಟ್ರೀಯ ಗೋಲು 94. ಮರುವರ್ಷ ಮತ್ತೆ ಅಂಗಳಕ್ಕಿಳಿದರು. ಇದು ಬರಿಯ ಛಲವಲ್ಲ. ಪ್ರತಿ ತಟ್ಟೆ ಊಟವನ್ನೂ ಲೆಕ್ಕವಿಟ್ಟ ಬದುಕು.

ಊಟ, ನಿದ್ದೆ, ಚೇತರಿಕೆಗಳ ಈ ವ್ಯವಸ್ಥೆ ಕ್ಲಬ್ಬಿನ ಗೇಟಿನಾಚೆ ಬಂದಿಲ್ಲ. ಹೆಣ್ಣುಮಕ್ಕಳ ಆಟದ ಬಗ್ಗೆ ಕನ್ನಡದಲ್ಲಿ ಬರಹವೇ ವಿರಳ. ಮುಟ್ಟು, ರಕ್ತಹೀನತೆಗಳನ್ನು ಲೆಕ್ಕಕ್ಕೆ ತಾರದೆ ಅವರ ಮನೋಬಲವನ್ನು ತೂಗಲಾಗದು. ಹೃದಯದ ವಿಷಯ ಇನ್ನೂ ಕಠಿಣ. 2004ರ ಡಿಸೆಂಬರ್ 5ರಂದು ಕಂಠೀರವ ಕ್ರೀಡಾಂಗಣದಲ್ಲಿ, ಫೆಡರೇಷನ್ ಕಪ್ ಫೈನಲ್‌ನಲ್ಲಿ ಗೋಲು ಹೊಡೆದ ಗಳಿಗೆಯಲ್ಲೇ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಕುಸಿದು, ಹೃದಯ ನಿಂತು ಪ್ರಾಣಬಿಟ್ಟರು. 2012ರ ಮಾರ್ಚ್‌ನಲ್ಲಿ ಬೆಂಗಳೂರಿನದೇ ಲೀಗ್ ಪಂದ್ಯವೊಂದರಲ್ಲಿ ಯುವ ಆಟಗಾರನೊಬ್ಬ ಅಂಗಳದಲ್ಲಿ ಬಿದ್ದಾಗ ಆಂಬುಲೆನ್ಸ್ ಇರಲಿಲ್ಲ. ಜೊತೆಯವರು ಅವನನ್ನು ಆಟೊದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದರು, ಅವನು ಉಳಿಯಲಿಲ್ಲ. ತಲೆಯ ಗಾಯಕ್ಕೂ ಇದೇ ಕೊರತೆ. ತಲೆಗೆ ಪೆಟ್ಟಾದವನ ಬದಲಿಗೆ ಹೆಚ್ಚುವರಿ ಆಟಗಾರನನ್ನು ಇಳಿಸಲು 2024ರಿಂದ ಆಟದ ನಿಯಮಗಳಲ್ಲೇ ಅವಕಾಶವಿದೆ. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಅದನ್ನು ಬಳಸಬೇಕಾದರೆ, ‘ಇವನು ಇನ್ನು ಆಡುವಂತಿಲ್ಲ’ ಎಂದು ಹೇಳಬಲ್ಲ ಒಬ್ಬ ವೈದ್ಯರು ಗೆರೆಯ ಬಳಿ ಕೂತಿರಬೇಕು.