ಸ್ಥಾನಬದ್ಧರು

ನಮ್ಮ ಕಡೆಯ ಹಳಬರ ಬಾಯಲ್ಲಿ ‘ಸ್ಥಾನಬದ್ಧ’ ಎಂಬ ಶಬ್ದವೊಂದಿತ್ತು. ಮರಾಠಿಯಲ್ಲೂ ಇದೇ ಶಬ್ದ. 1956ರ ತನಕ ನಮ್ಮ ಜಿಲ್ಲೆ ಮುಂಬಯಿಗೆ ಸೇರಿದ್ದರಿಂದ ಇಂಥ ಮಾತುಗಳು ಕಾಸರಕೋಡಿನ ಈಚೆಗೂ ಶರಾವತಿಯ ಆಚೆಗೂ ಸಲೀಸಾಗಿ ಓಡಾಡಿಕೊಂಡಿದ್ದವು. ಕೈದಿ ಬೇರೆ, ಸ್ಥಾನಬದ್ಧ ಬೇರೆ. ಕೈದಿಗೆ ಕೋರ್ಟು ಶಿಕ್ಷೆ ಕೊಟ್ಟಿರುತ್ತದೆ. ಆರು ತಿಂಗಳೋ, ವರ್ಷವೋ, ಒಂದು ಲೆಕ್ಕ ಇರುತ್ತದೆ. ಸ್ಥಾನಬದ್ಧನಿಗೆ ಕೋರ್ಟೂ ಇಲ್ಲ, ಲೆಕ್ಕವೂ ಇಲ್ಲ. ಅವನು ತಪ್ಪು ಮಾಡಿದ್ದಾನೆಂದು ಹಿಡಿದದ್ದಲ್ಲ, ಮುಂದೆ ಮಾಡಿಯಾನು ಎಂದು ಹಿಡಿದದ್ದು.

ಈ ವ್ಯತ್ಯಾಸ ವಕೀಲರಿಗಿಂತ ಹೆಂಗಸರಿಗೆ ಬೇಗ ಅರ್ಥವಾಗುತ್ತದೆ ಎಂದು ನನಗನಿಸುತ್ತದೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿ ಶಿಕ್ಷೆಗೊಳಗಾದವನ ಹೆಂಡತಿ, ಗಂಡ ಬಿಡುಗಡೆಯಾಗುವ ತಿಂಗಳನ್ನು ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಬಹುದಿತ್ತು. ಗದ್ದೆ ನೆಟ್ಟಿಗೆ ಬರುತ್ತಾನೋ ಕೊಯ್ಲಿಗೆ ಬರುತ್ತಾನೋ ಎಂದು ಯೋಚಿಸಿ ಅಕ್ಕಿ ಅಳೆಯಬಹುದಿತ್ತು. 1942ರಲ್ಲಿ ಸ್ಥಾನಬದ್ಧನಾದವನ ಹೆಂಡತಿ ಯಾವ ಪುಟದಲ್ಲಿ ಗುರುತು ಹಾಕಬೇಕು?

ಎರಡನೇ ಮಹಾಯುದ್ಧ ಶುರುವಾದದ್ದೇ ಬ್ರಿಟಿಷ್ ಸರಕಾರ ಭಾರತ ರಕ್ಷಣಾ ಕಾಯ್ದೆಯನ್ನು ತಂದಿತು. ಅದರ ನಿಯಮಾವಳಿಯಲ್ಲಿ 26ನೆಯದು ಸರಕಾರಕ್ಕೆ ‘ಮನವರಿಕೆಯಾದರೆ’ ಯಾರನ್ನು ಬೇಕಾದರೂ ಒಳಗಿಡಬಹುದು, ಇಂಥ ಊರಿಗೆ ಕಾಲಿಡಬೇಡ ಎಂದು ಆಜ್ಞೆ ಮಾಡಬಹುದು ಎನ್ನುತ್ತಿತ್ತು. ರೈತಕೂಟ ಕಟ್ಟಿ ಗೇಣಿದಾರರ ಪರವಾಗಿ ನಿಂತಿದ್ದ ದಿನಕರ ದೇಸಾಯಿಯವರು ಈ ಯುದ್ಧದ ವರ್ಷಗಳಲ್ಲೇ ಜಿಲ್ಲೆಯಿಂದ ಗಡೀಪಾರಾದದ್ದು. ಅವರ ಚುಟುಕಗಳನ್ನು ಬಾಯಿಪಾಠ ಮಾಡಿದ ನಮ್ಮಲ್ಲಿ ಎಷ್ಟೋ ಮಂದಿಗೆ ಈ ಸಂಗತಿ ಗೊತ್ತಿಲ್ಲ. 1942ರ ಆಗಸ್ಟ್ 9ರ ನಂತರವಂತೂ ಹಿಂದೆಮುಂದೆ ನೋಡದೆ ಹಿಡಿದರು. ಬೆಳಗಾವಿಯ ಹಿಂಡಲಗಾ ಜೈಲು ತುಂಬಿತು.

ಆಗ ಮುಂಬಯಿ ಪ್ರಾಂತದಲ್ಲೇ ಸ್ಥಾನಬದ್ಧರಾಗಿದ್ದ ಕೇಶವ ತಳಪದೆ ಎಂಬವರು ಸುಮ್ಮನೆ ಕೂರಲಿಲ್ಲ. ಅವರ ಮೊಕದ್ದಮೆ ದೆಹಲಿಯ ಫೆಡರಲ್ ಕೋರ್ಟಿನವರೆಗೆ ಹೋಯಿತು. ಮೂಲ ಕಾಯ್ದೆ ‘ಸಕಾರಣವಾದ ಸಂಶಯ’ ಇರಬೇಕು ಎನ್ನುತ್ತದೆ, ನಿಯಮ ಮಾತ್ರ ಸರಕಾರಕ್ಕೆ ಮನವರಿಕೆಯಾದರೆ ಸಾಕು ಎನ್ನುತ್ತದೆ. ಹೀಗೆ ಕಾಯ್ದೆಯನ್ನು ಮೀರಿದ ನಿಯಮ ನಿಲ್ಲಲಾರದು ಎಂದು ಮುಖ್ಯ ನ್ಯಾಯಾಧೀಶ ಮಾರಿಸ್ ಗ್ವಯರ್ ಅವರ ಪೀಠ 1943ರ ಏಪ್ರಿಲ್ 22ರಂದು ತೀರ್ಪು ಕೊಟ್ಟಿತು. ಯುದ್ಧ ನಡೆಯುತ್ತಿರುವಾಗಲೇ, ಬ್ರಿಟಿಷ್ ನ್ಯಾಯಾಧೀಶರೊಬ್ಬರು ಬ್ರಿಟಿಷ್ ಸರಕಾರಕ್ಕೆ ಹೇಳಿದ ಮಾತಿದು. ಸರಕಾರವೇನು ಕಡಿಮೆಯೇ? ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಕಾಯ್ದೆಯನ್ನೇ ತಿದ್ದಿ, ಹಿಂದಿನ ಬಂಧನಗಳನ್ನೂ ಊರ್ಜಿತ ಮಾಡಿಕೊಂಡಿತು.

ಆದರೂ ಆ ಜಗಳ ಪೂರ್ತಿ ನಷ್ಟವಾಗಲಿಲ್ಲ. 1944ರ ಆರಂಭದಲ್ಲಿ ಇನ್ನೊಂದು ಸುಗ್ರೀವಾಜ್ಞೆ ಬಂತು. ಸ್ಥಾನಬದ್ಧನಿಗೆ ಹಿಡಿದ ಕಾರಣವನ್ನು ತಿಳಿಸಬೇಕು, ಅವನು ಅದಕ್ಕೆ ಉತ್ತರ ಬರೆದುಕೊಳ್ಳಬಹುದು, ಆಜ್ಞೆಯ ಆಯುಷ್ಯ ಆರು ತಿಂಗಳು; ಬೇಕೆಂದರೆ ಹೊಸದಾಗಿ ಮುಂದುವರಿಸಬೇಕು. ದೊಡ್ಡ ಔದಾರ್ಯವೇನಲ್ಲ. ಆದರೆ ಕಾರಣ ಬರೆದ ಒಂದು ಕಾಗದ ಕೈಗೆ ಬಂದರೆ, ‘ಆ ದಿನ ನಾನು ಆ ಊರಲ್ಲೇ ಇರಲಿಲ್ಲ’ ಎಂದಾದರೂ ಹೇಳಬಹುದಲ್ಲ! ಕಾರಣವೇ ಗೊತ್ತಿಲ್ಲದವನು ಏನನ್ನು ಅಲ್ಲಗಳೆಯಬೇಕು? ಸ್ಥಾನಬದ್ಧರ ಹಕ್ಕುಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಈ ಕಾಗದವನ್ನು. ಊಟ, ಹಾಸಿಗೆ, ಮನೆಯವರ ಭೇಟಿ ಎಲ್ಲವೂ ಆಮೇಲೆ.

ಸಂವಿಧಾನ ಬರೆದವರಲ್ಲಿ ಅನೇಕರು ಸ್ವತಃ ಜೈಲು ಕಂಡವರು. ಆದರೂ ವಿಚಾರಣೆಯಿಲ್ಲದ ಬಂಧನವನ್ನು ಅವರು ಕಿತ್ತೊಗೆಯಲಿಲ್ಲ. ಅದನ್ನು ಮೂಲಭೂತ ಹಕ್ಕುಗಳ ಭಾಗದಲ್ಲೇ, 22ನೇ ವಿಧಿಯಲ್ಲಿ ಇಟ್ಟುಕೊಂಡರು. ಕಾರಣದ ಕಾಗದವನ್ನು ಮಾತ್ರ ಉಳಿಸಿದರು.

ಯುದ್ಧ ಬಂದಾಗಲೆಲ್ಲ ಈ ಅಧಿಕಾರಕ್ಕೆ ಹೊಸ ಜೀವ ಬರುತ್ತದೆ. 1962ರ ಚೀನಾ ಯುದ್ಧ ಮುಗಿಯಲು ಹಿಡಿದದ್ದು ಸುಮಾರು ಒಂದು ತಿಂಗಳು. ಅಸ್ಸಾಮ್, ಡಾರ್ಜಿಲಿಂಗ್ ಕಡೆಯಿಂದ ಹಿಡಿದು ರಾಜಸ್ಥಾನದ ದೇವಳಿ ಶಿಬಿರಕ್ಕೆ ಸಾಗಿಸಿದ ಚೀನೀ ಮೂಲದವರು ಸುಮಾರು 3,000. ಅವರಲ್ಲಿ ಹೆಂಗಸರು, ಶಾಲೆಗೆ ಹೋಗುವ ಮಕ್ಕಳು, ಇಲ್ಲೇ ಹುಟ್ಟಿದವರು ಎಲ್ಲ ಇದ್ದರು. ಕೆಲವರು ಹೊರಬಂದದ್ದು 1967ರಲ್ಲಿ.

ಇನ್ನು 1971. ಆ ವರ್ಷ ‘ಮೀಸಾ’, ಅಂದರೆ ಆಂತರಿಕ ಭದ್ರತಾ ಕಾಯ್ದೆ ಬಂತು. ಡಿಸೆಂಬರ್ 3ಕ್ಕೆ ಪಾಕಿಸ್ತಾನದೊಡನೆ ಯುದ್ಧ ಶುರುವಾಗಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಯುದ್ಧ ಹದಿನಾಲ್ಕನೇ ದಿನಕ್ಕೆ ಮುಗಿಯಿತು, ಘೋಷಣೆ ಮುಗಿಯಲಿಲ್ಲ. 1975ರ ಜೂನ್ 25ರ ರಾತ್ರಿ ಎರಡನೆಯ ತುರ್ತುಪರಿಸ್ಥಿತಿ ಬಂದಾಗ ಆ ಹಳೆಯದು ಇನ್ನೂ ಜಾರಿಯಲ್ಲೇ ಇತ್ತು. ತೆಗೆದದ್ದು 1977ರ ಮಾರ್ಚಿನಲ್ಲಿ. ಮದುವೆ ಮುಗಿದ ಮೇಲೂ ಚಪ್ಪರ ಬಿಚ್ಚದೆ ಐದು ವರ್ಷ ಬಿಟ್ಟ ಹಾಗೆ.

ಆ ಚಪ್ಪರದಡಿಯಲ್ಲಿ ಕಾರಣದ ಕಾಗದವೂ ಹೋಯಿತು. ಮೀಸಾಕ್ಕೆ ತಿದ್ದುಪಡಿ ತಂದು, ಸ್ಥಾನಬದ್ಧನಿಗೆ ಕಾರಣ ತಿಳಿಸಬೇಕಿಲ್ಲ, ಅದು ಗೋಪ್ಯ ಎಂದರು. ಜರ್ಮನಿ ಜಪಾನುಗಳ ಜೊತೆ ಹೋರಾಡುತ್ತಿದ್ದ ಪರಕೀಯ ಸರಕಾರ 1944ರಲ್ಲಿ ಕೊಟ್ಟದ್ದನ್ನು, ಯಾವ ಗಡಿಯಲ್ಲೂ ಯುದ್ಧವಿಲ್ಲದ 1975ರಲ್ಲಿ ನಮ್ಮದೇ ಸರಕಾರ ಕಿತ್ತುಕೊಂಡಿತು. ನನಗೆ ಈಗಲೂ ಸಿಟ್ಟು ಬರುವುದು ಈ ಒಂದು ವಿಷಯಕ್ಕೆ. ಮೀಸಾ ಅಡಿಯಲ್ಲಿ ಒಳಗಾದವರು ಸುಮಾರು 35,000 ಮಂದಿ ಎಂದು ಮುಂದೆ ಷಾ ಆಯೋಗ ಲೆಕ್ಕ ಕೊಟ್ಟಿತು.

ಅವರಲ್ಲೊಬ್ಬರು ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಚಿತ್ರ ನೋಡಿದವರಿಗೆ ಚಂದ್ರಿಯಾಗಿ ನೆನಪಿರುತ್ತಾರೆ. 1976ರ ಮೇ ತಿಂಗಳಲ್ಲಿ ಬಡೋದೆಯ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಹಿಡಿದರು. ಆ ಮೊಕದ್ದಮೆಯ ಆರೋಪಪಟ್ಟಿಯಲ್ಲಿ ಕೊನೆಗೆ ಅವರ ಹೆಸರೇ ಇರಲಿಲ್ಲ. ಮೀಸಾ ಇತ್ತಲ್ಲ, ಇಟ್ಟುಕೊಂಡರು. ಬೆಂಗಳೂರಿನ ಸೆಂಟ್ರಲ್ ಜೈಲಿನ ಒಂಟಿ ಕೋಣೆ, ಮೊದಲೇ ಅಸ್ತಮಾ. ಅಂಥದ್ದರಲ್ಲೂ ಜೈಲಿನ ಉಳಿದ ಹೆಂಗಸರಿಗೆ ಬೀಳುತ್ತಿದ್ದ ಹೊಡೆತದ ವಿರುದ್ಧ ದನಿ ಎತ್ತಿದರು, ದಿನಚರಿ ಬರೆದರು. ಉಸಿರಾಟ ತೀರ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. 20ರಂದು ತೀರಿಕೊಂಡರು. ವಿಚಾರಣೆ ಎಂಬುದು ಒಂದು ದಿನವೂ ನಡೆದಿರಲಿಲ್ಲ. ಆ ಜೈಲಿದ್ದ ಜಾಗ ಈಗ ಫ್ರೀಡಂ ಪಾರ್ಕ್ ಆಗಿದೆ. ಬೆಂಗಳೂರಿಗೆ ಹೋದವರು ಒಮ್ಮೆ ಹೊಕ್ಕು ಬನ್ನಿ.

ಕೋರ್ಟುಗಳು ಏನು ಮಾಡುತ್ತಿದ್ದವು ಎಂದು ಕೇಳಬಹುದು. ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು, ಬಂಧನ ಕಾನೂನಿನ ಪ್ರಕಾರ ಇದೆಯೇ ಎಂದು ನಾವು ನೋಡಬಹುದು ಎಂದಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಅದನ್ನು ತಳ್ಳಿಹಾಕಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಅವರಿಗೆ ಸಿಗಬೇಕಾಗಿದ್ದ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರಿಗಿಂತ ಕಿರಿಯರಿಗೆ ಹೋಯಿತು. ಖನ್ನಾ ರಾಜೀನಾಮೆ ಕೊಟ್ಟು ಹೊರನಡೆದರು. ಆ ತೀರ್ಪನ್ನು ಸುಪ್ರೀಂ ಕೋರ್ಟು ತಪ್ಪೆಂದು ಹೇಳಿ ರದ್ದು ಮಾಡಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ. ಹಾಗೆ ಬರೆದವರಲ್ಲಿ ಒಬ್ಬರು ಡಿ.ವೈ. ಚಂದ್ರಚೂಡ್, 1976ರ ನಾಲ್ವರಲ್ಲಿ ಒಬ್ಬರು ಅವರ ತಂದೆ.

ಮೀಸಾ 1978ರಲ್ಲಿ ಹೋಯಿತು. ಅದೇ ಕಾಲದ 44ನೇ ತಿದ್ದುಪಡಿಯ ಪ್ರಕಾರ, ತುರ್ತುಪರಿಸ್ಥಿತಿ ಬಂದರೂ ಬದುಕುವ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನು ತಡೆಯುವಂತಿಲ್ಲ. ಇಷ್ಟು ಸಮಾಧಾನ. ಆದರೆ 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯ್ದೆ ಬಂತು, 1985ರಲ್ಲಿ ನಮ್ಮ ರಾಜ್ಯದ ಗೂಂಡಾ ಕಾಯ್ದೆ. ಇವಕ್ಕೆ ಯುದ್ಧದ ನೆಪವೂ ಬೇಡ. ಕಾರಣದ ಕಾಗದ ಕೊಡಬೇಕು; ಆದರೆ ‘ಸಾರ್ವಜನಿಕ ಹಿತ’ದ ಹೆಸರಿನಲ್ಲಿ ಕೆಲವು ಸಂಗತಿಗಳನ್ನು ಮುಚ್ಚಿಡಬಹುದು.

ಹತ್ತನೇ ತರಗತಿಗೆ ಮೂಲಭೂತ ಹಕ್ಕುಗಳ ಪಾಠ ಮಾಡುವಾಗ ಹುಡುಗಿಯೊಬ್ಬಳು, “ಸಲಹಾ ಮಂಡಳಿಗೆ ಕೇಳದೆ ಎಷ್ಟು ದಿನ ಇಡಬಹುದು ಟೀಚರ್?” ಎಂದಳು. ಮೂರು ತಿಂಗಳು ಎಂದೆ. ಅದನ್ನು ಎರಡಕ್ಕಿಳಿಸುವ ಮಾತು ಅದೇ 44ನೇ ತಿದ್ದುಪಡಿಯಲ್ಲಿದೆ. ಪಾರ್ಲಿಮೆಂಟು ಒಪ್ಪಿದ ಆ ಭಾಗವನ್ನು ಜಾರಿಗೆ ತರುವ ಅಧಿಸೂಚನೆಯನ್ನು ಆಮೇಲೆ ಬಂದ ಯಾವ ಸರಕಾರವೂ ಹೊರಡಿಸಿಲ್ಲ.