ಹಳೆಯ ದೇವಾಲಯದಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯ

ಹೊಸ ದೇವಾಲಯ ಎದ್ದು ನಿಂತಾಗ ಹಳೆಯದನ್ನು ಏನು ಮಾಡಬೇಕೆಂಬ ಪ್ರಶ್ನೆ ಯಾವ ವಿಚಾರಣೆಯಲ್ಲಾದರೂ ಏಳುವಂಥದ್ದೇ. ಸಾಮಾನ್ಯವಾಗಿ ಅದು ಶಾಲೆಯ ಕೊಠಡಿಯಾಗುತ್ತದೆ, ಸಭಾಭವನವಾಗುತ್ತದೆ, ಇಲ್ಲವೇ ಕಾಲು ಮುರಿದ ಬೆಂಚುಗಳನ್ನು ಒಟ್ಟುವ ಉಗ್ರಾಣವಾಗುತ್ತದೆ. ಅಮೆರಿಕದ ಷಿಕಾಗೊ ನಗರದ ಒಂದು ವಿಚಾರಣೆಯಲ್ಲಿ ಅದು ವಿಶ್ವವಿದ್ಯಾನಿಲಯವಾಯಿತು. ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಆ ಚರಿತ್ರೆಯನ್ನು ಭಕ್ತಾದಿಗಳ ಮುಂದಿಡುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಸಂತ ವಿನ್ಸೆಂಟ್ ದೆ ಪೌಲರ ಹೆಸರು ನಮಗೆ ಹೊಸದಲ್ಲ. ಬಡವರ ಮನೆಗೆ ಅಕ್ಕಿ, ಔಷಧಿಗಳನ್ನು ಮುಟ್ಟಿಸುವ ವಿನ್ಸೆಂಟ್ ದೆ ಪೌಲ್ ಸಭೆಯನ್ನು ನಮ್ಮ ಅನೇಕ ವಿಚಾರಣೆಗಳು ಬಲ್ಲವು. ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಸಂಗಡಿಗರು ಅದನ್ನು ಪ್ರಾರಂಭಿಸಿದ್ದು 1833ರಲ್ಲಿ. ಆದರೆ ಸಂತರು ತಾವೇ 1625ರಲ್ಲಿ ಸ್ಥಾಪಿಸಿದ ಗುರುಗಳ ಸಂಸ್ಥೆ ಬೇರೆ. ಅದಕ್ಕೆ ಮಿಷನ್ ಸಭೆಯೆಂದು ಹೆಸರು. ಹಳ್ಳಿಯ ಬಡಜನರಿಗೆ ಧರ್ಮಬೋಧನೆ ಮಾಡುವುದೇ ಅದರ ಮೊದಲ ಕಾಯಕ. ಈ ಸಭೆಯ ಗುರುಗಳು 1875ರಲ್ಲಿ ಷಿಕಾಗೊ ನಗರದ ಉತ್ತರ ಭಾಗದಲ್ಲಿ ಒಂದು ವಿಚಾರಣೆಯನ್ನು ಆರಂಭಿಸಿದರು. 1871ರ ಮಹಾ ಅಗ್ನಿಕಾಂಡದಿಂದ ನಗರವು ಆಗತಾನೇ ಚೇತರಿಸಿಕೊಳ್ಳುತ್ತಿತ್ತು. ಐರ್ಲೆಂಡ್, ಜರ್ಮನಿ, ಪೋಲೆಂಡ್ ದೇಶಗಳಿಂದ ಕೂಲಿಯನ್ನರಸಿ ಬಂದ ಕಥೋಲಿಕ ಕುಟುಂಬಗಳು ವರ್ಷೇ ವರ್ಷೇ ಹೆಚ್ಚುತ್ತಿದ್ದವು. 1897ರ ವೇಳೆಗೆ ಕಲ್ಲಿನ ಭವ್ಯ ದೇವಾಲಯವೊಂದು ಸಿದ್ಧವಾಯಿತು. ಹಳೆಯ ಕಟ್ಟಡ ತೆರವಾಯಿತು.

ಮಹಾಧರ್ಮಾಧ್ಯಕ್ಷರಾದ ಪ್ಯಾಟ್ರಿಕ್ ಫೀಹಾನರ ಅಪೇಕ್ಷೆಯಂತೆ 1898ರಲ್ಲಿ ಆ ಕಟ್ಟಡದಲ್ಲೇ ಸಂತ ವಿನ್ಸೆಂಟರ ಕಾಲೇಜು ತೆರೆಯಿತು. ವಿದ್ಯಾರ್ಥಿಗಳು 70ರಷ್ಟು. ವಸತಿಗೃಹವಿಲ್ಲ. ಕೂಲಿಕಾರರ ಮಕ್ಕಳು ಬೆಳಿಗ್ಗೆ ಮನೆಯಿಂದ ಬಂದು ಸಂಜೆ ಮನೆಗೆ ಮರಳುತ್ತಿದ್ದರು.

ಮೊದಲ ಅಧ್ಯಕ್ಷರಾದ ಫಾದರ್ ಪೀಟರ್ ವಿನ್ಸೆಂಟ್ ಬರ್ನ್ ಅವರು ದೊಡ್ಡ ಕನಸಿನ ಮನುಷ್ಯ. ಅದೇ ವೇಳೆಗೆ ಯೇಸುಸಭೆಯವರೂ ನಗರದ ಉತ್ತರಕ್ಕೆ ಬಂದು ಕಾಲೇಜು ಕಟ್ಟಲು ನಿವೇಶನ ಕೊಂಡಿದ್ದರು. ಒಂದೇ ನಗರದಲ್ಲಿ ಎರಡು ಕಥೋಲಿಕ ಸಂಸ್ಥೆಗಳು ಅಕ್ಕಪಕ್ಕ ನಡೆದೀತೇ ಎಂಬ ಚಿಂತೆ ಸಹಜವಾಗಿತ್ತು. (ಧಾರ್ಮಿಕ ಸಭೆಗಳ ನಡುವಣ ಇಂಥ ಪೈಪೋಟಿ ಅಮೆರಿಕಕ್ಕೇ ಸೀಮಿತವೆಂದು ಯಾರೂ ತಿಳಿಯಬಾರದು!) 1907ರ ಡಿಸೆಂಬರಿನಲ್ಲಿ ಬರ್ನ್ ಅವರು ಹೊಸ ಸನ್ನದನ್ನು ಪಡೆದರು, ಕಾಲೇಜು ಡಿ ಪೌಲ್ ವಿಶ್ವವಿದ್ಯಾನಿಲಯವಾಯಿತು. ಯೇಸುಸಭೆಯವರ ಲೊಯೋಲಾ ವಿಶ್ವವಿದ್ಯಾನಿಲಯ 1909ರಲ್ಲಿ ಬಂದಿತು. ಎರಡೂ ಉಳಿದವು, ಎರಡೂ ಬೆಳೆದವು.

ಆ ಸನ್ನದಿನಲ್ಲಿದ್ದ ಒಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ: ಪ್ರವೇಶ ಬಯಸುವವರಿಗೆ ಧರ್ಮದ ಪರೀಕ್ಷೆ ಇರಕೂಡದು. ಎರಡನೇ ವ್ಯಾಟಿಕನ್ ಮಹಾಸಭೆ ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ದೂರವಿದ್ದ ಕಾಲದಲ್ಲಿ ಗುರುಗಳ ಸಂಸ್ಥೆಯೊಂದು ಹೀಗೆ ಬರೆದುಕೊಟ್ಟದ್ದು ಸಾಧಾರಣ ಸಂಗತಿಯಲ್ಲ. ಅದು ಬರಿಯ ಕಾಗದದ ಮಾತಾಗಿಯೂ ಉಳಿಯಲಿಲ್ಲ. ಮುಂದೆ ಅಮೆರಿಕದ ಹಲವು ಹೆಸರಾಂತ ವಿದ್ಯಾಪೀಠಗಳು ಯೆಹೂದ್ಯ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದಾಗ ಇಲ್ಲಿಯ ಬಾಗಿಲು ಅವರಿಗೆ ತೆರೆದೇ ಇತ್ತು. 1911ರಲ್ಲಿ ಸ್ತ್ರೀಯರಿಗೂ ಪ್ರವೇಶ ದೊರೆಯಿತು. ವಿಚಾರಣೆಯ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಧರ್ಮಭಗಿನಿಯರಿಗೆ ಪದವಿ ಇರಲಿಲ್ಲ. ಪದವಿಯಿಲ್ಲದೆ ಆ ಶಾಲೆಗಳು ಸರ್ಕಾರಿ ಶಾಲೆಗಳ ಸಮಕ್ಕೆ ನಿಲ್ಲುವಂತಿರಲಿಲ್ಲ. ಬೇಸಿಗೆ ರಜೆಯಲ್ಲಿ ಅವರಿಗಾಗಿಯೇ ತರಗತಿಗಳು ನಡೆದು, 1912ರಲ್ಲಿ ಭಗಿನಿಯರು ಪದವೀಧರರಾದರು.

ನಮ್ಮ ನಾಡಿನ ಕಥೋಲಿಕ ಕಾಲೇಜುಗಳ ವಿಷಯದಲ್ಲೂ ಒಂದು ಮಾತನ್ನು ಆಗಾಗ್ಗೆ ಕೇಳುತ್ತೇವೆ: ನಾವು ಕಟ್ಟಿದ ಸಂಸ್ಥೆಯಲ್ಲಿ ನಮ್ಮ ಮಕ್ಕಳಿಗಿಂತ ಹೊರಗಿನವರೇ ಹೆಚ್ಚಲ್ಲವೇ ಎಂದು. 1880ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು ಎಲ್ಲ ಧರ್ಮದವರನ್ನೂ ಓದಿಸುತ್ತಲೇ ಬೆಳೆದು 2024ರಲ್ಲಿ ವಿಶ್ವವಿದ್ಯಾನಿಲಯದ ಅಂತಸ್ತನ್ನು ಪಡೆಯಿತು. ನಮ್ಮ ಬಡ ಮಕ್ಕಳಿಗೆ ಸ್ಥಾನ ಸಿಗಲೇಬೇಕು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅನ್ಯರಿಗೆ ಬಾಗಿಲು ಮುಚ್ಚುವುದರಿಂದ ಅದು ಸಿಗುತ್ತದೆಂಬ ವಾದವನ್ನು ನಾನು ಒಪ್ಪಲಾರೆ.

ಮತ್ತೆ ಷಿಕಾಗೊಗೆ ಬರೋಣ. ಬರ್ನ್ ಅವರ ಕನಸಿಗೆ ಬೆಲೆ ತೆರಬೇಕಾಯಿತು. ಹೊಸ ಕಟ್ಟಡಗಳು ಎದ್ದವು. ಅವುಗಳಲ್ಲೊಂದು ದೊಡ್ಡ ನಾಟಕಶಾಲೆ. ಅದರಿಂದ ಬರುವ ಆದಾಯ ಸಾಲ ತೀರಿಸೀತೆಂಬ ಎಣಿಕೆ ಸುಳ್ಳಾಯಿತು. 1909ರಲ್ಲಿ ಅವರು ಪದವಿಯಿಂದ ನಿರ್ಗಮಿಸಿದರು. ಸಾಲದ ಹೊರೆ ಮಾತ್ರ ಅವರ ಸಭೆಯ ಮೇಲೆ ಬಹುಕಾಲ ಉಳಿಯಿತು. ದಾನಿಗಳಿಲ್ಲದ, ಮೂಲಧನವಿಲ್ಲದ ಸಂಸ್ಥೆ ವಿದ್ಯಾರ್ಥಿಗಳ ಶುಲ್ಕದಿಂದಲೇ ಬದುಕಬೇಕು. ಶುಲ್ಕ ಕೊಡಬಲ್ಲ ವಿದ್ಯಾರ್ಥಿಗಳೋ ಹಗಲು ದುಡಿಯುವವರು. ಅವರು ಕಾಲೇಜಿಗೆ ಬರಲಾಗದಿದ್ದರೆ ಕಾಲೇಜೇ ಅವರಲ್ಲಿಗೆ ಹೋಗಬೇಕಾಯಿತು.

ಷಿಕಾಗೊ ನಗರದ ಹೃದಯಭಾಗಕ್ಕೆ ಲೂಪ್ ಎಂದು ಹೆಸರು. ಕಂಬಗಳ ಮೇಲೆ ಓಡುವ ರೈಲು ಅಲ್ಲಿ ಸುತ್ತು ಹಾಕುತ್ತದೆ. ಬ್ಯಾಂಕು, ನ್ಯಾಯಾಲಯ, ಕಛೇರಿ, ಅಂಗಡಿಗಳೆಲ್ಲ ಅಲ್ಲಿಯೇ. 1912ರಲ್ಲಿ ಇಲಿನಾಯ್ ಕಾನೂನು ಕಾಲೇಜು ಡಿ ಪೌಲಿನೊಡನೆ ಸೇರಿತು. ವಾಣಿಜ್ಯ ತರಗತಿಗಳೂ ಬಂದವು. ಕಛೇರಿ ಬಿಟ್ಟ ಗುಮಾಸ್ತರು ಊಟದ ಪೊಟ್ಟಣದೊಂದಿಗೆ ಸಂಜೆಯ ಪಾಠಕ್ಕೆ ಬರತೊಡಗಿದರು. ಹಾಗೆ ಬಂದವರಲ್ಲಿ ರಿಚರ್ಡ್ ಡೇಲಿ ಒಬ್ಬರು. ತಗಡಿನ ಕೆಲಸಗಾರನ ಮಗ. ಹಗಲು ಗುಮಾಸ್ತಿಕೆ, ರಾತ್ರಿ ಓದು. ಸುಮಾರು ಹತ್ತು ವರ್ಷ ಹೀಗೆ ನಡೆದು 1933ರಲ್ಲಿ ಕಾನೂನು ಪದವೀಧರರಾದ ಅವರು 1955ರಿಂದ 1976ರಲ್ಲಿ ತೀರಿಕೊಳ್ಳುವವರೆಗೆ ಷಿಕಾಗೊ ನಗರದ ಮೇಯರ್ ಆಗಿದ್ದರು. ಅವರ ರಾಜಕೀಯದ ಕುರಿತು ಹೊಗಳಿಕೆಯಷ್ಟೇ ತೆಗಳಿಕೆಯೂ ಇದೆ. ಅವರು ನಿತ್ಯ ಪೂಜೆಗೆ ಹೋಗುತ್ತಿದ್ದುದನ್ನು ಮಾತ್ರ ವಿರೋಧಿಗಳೂ ಬಲ್ಲರು.

ಬಡವರ ವಿದ್ಯಾಪೀಠ ತಾನೂ ಬಡವಾಗಿಯೇ ಇತ್ತು. 1950ರ ಸುಮಾರಿಗೆ, ಗ್ರಂಥಾಲಯವೂ ಹಣಕಾಸೂ ಸಾಲದೆಂಬ ಕಾರಣದಿಂದ ಅದರ ಮಾನ್ಯತೆಯೇ ಕೈತಪ್ಪುವ ಸ್ಥಿತಿ ಬಂದಿತು. ಆಗ ಅಧ್ಯಕ್ಷರಾಗಿದ್ದ ಫಾದರ್ ಕಮರ್‌ಫರ್ಡ್ ಓ'ಮ್ಯಾಲಿ ಮೇಲ್ಮನವಿ ಸಲ್ಲಿಸಿ ಉಳಿಸಿಕೊಂಡರು. 1955ರಲ್ಲಿ ಫ್ರಾಂಕ್ ಲೂಯಿಸ್ ಎಂಬ ದಾನಿಯ ಪ್ರತಿಷ್ಠಾನ ಲೂಪಿನಲ್ಲಿ ಒಂದು ಎತ್ತರದ ಕಟ್ಟಡವನ್ನೇ ಕೊಟ್ಟಿತು. 1970ರ ದಶಕದಲ್ಲಿ ಲಿಂಕನ್ ಪಾರ್ಕಿನ ಹಳೆಯ ನೆಲೆಯ ಪಕ್ಕದಲ್ಲಿದ್ದ ಪ್ರೆಸ್ಬಿಟೇರಿಯನ್ನರ ಗುರುಮಠ ಬೇರೆಡೆಗೆ ಹೋದಾಗ ಅದರ ಜಾಗವೂ ದೊರೆಯಿತು. 1993ರಲ್ಲಿ ಲೂಪಿನಲ್ಲಿ ಮುಚ್ಚಿಹೋಗಿದ್ದ ಗೋಲ್ಡ್‌ಬ್ಲಾಟ್ ಸೋದರರ ಬೃಹತ್ ಬಟ್ಟೆಬರೆಯ ಅಂಗಡಿ ತರಗತಿಗಳ ಕಟ್ಟಡವಾಯಿತು. 1998ರಲ್ಲಿ, ನೂರು ತುಂಬಿದ ವರ್ಷವೇ, ಅಮೆರಿಕದ ಕಥೋಲಿಕ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆಯಿಂದ ಅದೇ ಮೊದಲನೆಯದಾಗಿತ್ತು.

ನಗರದ ಹೊರಗೆ ಕಾಲಿಟ್ಟಾಗ ಮಾತ್ರ ಎಡವಿತು. ಪವಿತ್ರ ಹೃದಯ ಸಭೆಯ ಭಗಿನಿಯರು 1858ರಲ್ಲಿ ಆರಂಭಿಸಿದ್ದ ಬರಾತ್ ಕಾಲೇಜು ನಗರದಾಚೆಯ ಲೇಕ್ ಫಾರೆಸ್ಟಿನಲ್ಲಿತ್ತು. ಅದನ್ನು 2001ರಲ್ಲಿ ತನ್ನೊಳಗೆ ಸೇರಿಸಿಕೊಂಡ ಡಿ ಪೌಲ್ 2005ರಲ್ಲಿ ಮುಚ್ಚಿಬಿಟ್ಟಿತು. ಸುಮಾರು ಒಂದೂವರೆ ಶತಮಾನದ ಭಗಿನಿಯರ ಶ್ರಮ ನಾಲ್ಕೇ ವರ್ಷಗಳಲ್ಲಿ ಕೊನೆಗೊಂಡಿತು. ಲೆಕ್ಕಪತ್ರಗಳ ದೃಷ್ಟಿಯಿಂದ ಅದು ಅನಿವಾರ್ಯವಾಗಿದ್ದಿರಬಹುದು. ಅಲ್ಲಿ ಓದಿದವರ ನೋವನ್ನು ಲೆಕ್ಕಪತ್ರ ತುಂಬಿಕೊಡಲಾರದು.

ಇಂದು ಅಲ್ಲಿ ಇಪ್ಪತ್ತು ಸಾವಿರದಷ್ಟು ಮಂದಿ ಓದುತ್ತಾರೆ. ಗುರುಗಳ ಸಂಖ್ಯೆ ಕುಗ್ಗಿದೆ. ಫಿಲಿಪ್ಪೀನ್ಸ್ ಮೂಲದ ಗೇಬ್ರಿಯಲ್ ಎಸ್ಟೆಬಾನ್ 2017ರಲ್ಲಿ ಅಧ್ಯಕ್ಷರಾದರು. ವಿಶ್ವವಿದ್ಯಾನಿಲಯದ ಚರಿತ್ರೆಯಲ್ಲಿ ಗುರುವಲ್ಲದ ಗೃಹಸ್ಥರೊಬ್ಬರು ಆ ಪೀಠದಲ್ಲಿ ಕುಳಿತದ್ದು ಅದೇ ಮೊದಲು. 2022ರಲ್ಲಿ ಅವರ ನಂತರ ಬಂದ ರಾಬರ್ಟ್ ಮ್ಯಾನುಯೆಲ್ ಅವರೂ ಗೃಹಸ್ಥರೇ. ತರಗತಿಗಳು ಶುರುವಾದ ಆ ಹಳೆಯ ದೇವಾಲಯ ಈಗಿಲ್ಲ. 1897ರ ಕಲ್ಲಿನ ದೇವಾಲಯ ವೆಬ್‌ಸ್ಟರ್ ಬೀದಿಯಲ್ಲಿ ಇಂದಿಗೂ ನಿಂತಿದೆ.