ಒಂದೇ ಪರದೆ, ಹಲವು ಅರಮನೆ



ನಿಮ್ಮ ಕಾಲೇಜಿನ ವಾರ್ಷಿಕ ಸ್ನೇಹ ಸಮ್ಮೇಳನದ ಮರುದಿನ ಬೆಳಿಗ್ಗೆ ರಂಗಮಂಟಪದ ಹಿಂಭಾಗಕ್ಕೆ ಹೋಗಿ ನೋಡಿದ್ದೀರಾ? ಹಿಂದಿನ ರಾತ್ರಿ ಕೋಟೆಯಾಗಿ ಮೆರೆದ ಥರ್ಮಕೋಲು ಅಲ್ಲಿ ಚೂರುಚೂರಾಗಿ ಬಿದ್ದಿರುತ್ತದೆ. ಅದು ಮಣ್ಣಿನಲ್ಲಿ ಕರಗುವ ವಸ್ತುವಲ್ಲ. ಚಲನಚಿತ್ರದ ಸೆಟ್ಟುಗಳಲ್ಲೂ ಅನೇಕವು ಪ್ಲೈವುಡ್ಡಿನಲ್ಲಿ ಎದ್ದು, ಚಿತ್ರೀಕರಣ ಮುಗಿದೊಡನೆ ಒಡೆದುಹೋಗುತ್ತವೆ. ರಂಗಸಜ್ಜಿಕೆ ಎಂದರೆ ಕಟ್ಟಿ ಕೆಡವುವುದೇ ಎಂಬ ಪ್ರಶ್ನೆ ಆಗ ಸಹಜವಾಗಿ ಏಳುತ್ತದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ರಂಗಭೂಮಿಯ ಚರಿತ್ರೆ ಈ ಪ್ರಶ್ನೆಗೆ ಬೇರೆಯೇ ಉತ್ತರ ಕೊಡುತ್ತದೆ.

1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವವರೆಗೆ ಈ ತಾಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಇಲ್ಲಿನ ಹಳೆಯ ರಂಗಕಲೆ ದೊಡ್ಡಾಟ. ಊರವರೇ ಕಂಬ ನೆಟ್ಟು, ಹಲಗೆ ಹಾಸಿ ಅಟ್ಟ ಕಟ್ಟುತ್ತಿದ್ದರು. ಕಂಬ ಒಬ್ಬರದು, ಹಲಗೆ ಇನ್ನೊಬ್ಬರದು, ಜಮಖಾನೆ ಮತ್ತೊಬ್ಬರದು. ಬೆಳಗಾಗಿ ಮಂಗಳಾರತಿಯಾದ ಮೇಲೆ ಅವರವರ ಸಾಮಾನು ಅವರವರ ಮನೆಗೆ ಮರಳುತ್ತಿತ್ತು. ಬಿಸಾಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ನಿರ್ಮಿಸಿದ ಕಲಾವಿದ ಟಿ. ಬಿ. ಸೊಲಬಕ್ಕನವರ ಈ ದೊಡ್ಡಾಟಕ್ಕೆ ಮರುಜೀವ ಕೊಡಲು ದುಡಿದರು. ಅವರು 2020ರಲ್ಲಿ ತೀರಿಕೊಂಡರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರಾಠಿ ನಾಟಕ ಮಂಡಳಿಗಳು ಈ ಭಾಗದ ಜನರನ್ನು ಮರುಳು ಮಾಡಿದ್ದವು. ಕನ್ನಡಿಗರಿಗೆ ಕನ್ನಡ ನಾಟಕವೇ ಬೇಕೆಂದು ಹಟ ತೊಟ್ಟವರು ಶಾಂತಕವಿ ಎಂದೇ ಹೆಸರಾದ ಸಕ್ಕರಿ ಬಾಳಾಚಾರ್ಯರು (1856–1920). ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯಲ್ಲಿ ಹುಟ್ಟಿದ ಅವರು 1870ರ ದಶಕದಲ್ಲಿ ಗದುಗಿನಲ್ಲಿ ನಾಟಕ ಮಂಡಳಿ ಕಟ್ಟಿದರು. ಮುಂದೆ ವೃತ್ತಿ ಕಂಪನಿಗಳ ಕಾಲ ಬಂದಿತು. ಸವಣೂರಿನ ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ನಾಟಕ ಮಂಡಳಿ ಅವುಗಳಲ್ಲಿ ಹೆಸರಾದದ್ದು.

ಕಂಪನಿಗಳೊಡನೆ ಬಂದದ್ದು ಚಿತ್ರಿಸಿದ ಪರದೆ, ಜನರ ಮಾತಿನಲ್ಲಿ ಸೀನರಿ. ಅದರ ರಚನೆಯನ್ನು ಸ್ವಲ್ಪ ಗಮನಿಸಿ. ದಪ್ಪ ಹತ್ತಿ ಬಟ್ಟೆಯ ಮೇಲೆ ಸರೇಸು ಬೆರೆಸಿದ ಪುಡಿಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು. ಕೆಳತುದಿಗೆ ಒಂದು ದುಂಡನೆಯ ಗಳ ಇರುತ್ತಿತ್ತು. ಹಗ್ಗ ಎಳೆದರೆ ಪರದೆ ಸುರುಳಿಯಾಗಿ ಮೇಲೇರುತ್ತಿತ್ತು, ಕ್ಯಾಂಪು ಮುಗಿದಾಗ ಅದೇ ಸುರುಳಿ ಗಾಡಿಯನ್ನೋ ಲಾರಿಯನ್ನೋ ಏರುತ್ತಿತ್ತು. ಬಣ್ಣ ಮಾಸಿದರೆ ಅದೇ ಬಟ್ಟೆಯ ಮೇಲೆ ಮತ್ತೆ ಬರೆಯಬಹುದಾಗಿತ್ತು. ಥಿಯೇಟರಿನ ತಗಡು, ಬಿದಿರು, ಕಂಬಗಳೂ ಹೀಗೆಯೇ ಬಿಚ್ಚಿ ಮುಂದಿನ ಊರಿಗೆ ಹೋಗುತ್ತಿದ್ದವು.

ಬೀದಿ, ಕಾಡು, ಅರಮನೆ, ಉದ್ಯಾನ, ಸೆರೆಮನೆ, ಮನೆ: ಇಂಥ ಕೆಲವೇ ಪರದೆಗಳಲ್ಲಿ ಕಂಪನಿಯ ಎಷ್ಟೋ ನಾಟಕಗಳು ನಡೆಯುತ್ತಿದ್ದವು. ಇಂದು ಕಂಸನ ಸಭೆಯಾಗಿದ್ದ ಪರದೆ ನಾಳೆ ಹರಿಶ್ಚಂದ್ರನ ಅರಮನೆ. ಇಲ್ಲಿ ಒಂದು ಮುಖ್ಯ ಅಂಶವಿದೆ. ಮರುಬಳಕೆ ಖರ್ಚು ಉಳಿಸುವುದರ ಜೊತೆಗೆ ನಾಟಕದ ಕಟ್ಟೋಣವನ್ನೂ ರೂಪಿಸಿತು. ಮುಂದೆ ಇಳಿಬಿಟ್ಟ ಬೀದಿ ಪರದೆಯ ಎದುರು ಹಾಸ್ಯಪಾತ್ರಗಳು ಜನರನ್ನು ನಗಿಸುತ್ತಿರುವಾಗ, ಅದರ ಹಿಂದೆ ಸಿಂಹಾಸನ ಇಟ್ಟು ದರ್ಬಾರು ಸಜ್ಜುಗೊಳಿಸುತ್ತಿದ್ದರು. ಕೈಯಲ್ಲಿರುವ ಪರದೆಗಳನ್ನು ಲೆಕ್ಕದಲ್ಲಿಟ್ಟುಕೊಂಡೇ ಕವಿ ದೃಶ್ಯಗಳನ್ನು ಹೆಣೆಯಬೇಕಾಗಿತ್ತು.

ಈ ಉಳಿತಾಯದ ಬೆಲೆ ಎಷ್ಟೆಂದು ತಿಳಿಯಲು ಹಾನಗಲ್ಲಿನ ಕಡೆಗೆ ನೋಡಿ. ಆ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು (1892–1944) ಕಣ್ಣಿಲ್ಲದ ಮಕ್ಕಳಿಗೂ ಬಡ ಮಕ್ಕಳಿಗೂ ಸಂಗೀತ ಕಲಿಸಿ, ಅನ್ನವಿಟ್ಟು ಸಾಕಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಲು ನಾಟಕ ಕಂಪನಿಯನ್ನೂ ಕಟ್ಟಿದರು. ಇಂಥ ಕಂಪನಿಯಲ್ಲಿ ಪರದೆಯ ಮೇಲೆ ಉಳಿದ ಹಣ ಯಾರ ತಟ್ಟೆಗೆ ಅನ್ನವಾಗಿ ಹೋಗಬಹುದಿತ್ತೆಂದು ನೀವೇ ಊಹಿಸಿ.

ಹಾಗೆಂದು ಹಿಂದಿನದೆಲ್ಲ ಚಿನ್ನವೆಂದು ಹೇಳಲಾಗದು. ಯಾವ ಕಥೆಗೂ ಅದೇ ಅರಮನೆ, ಅದೇ ಕಾಡು ಎಂದಾಗ ಕಣ್ಣಿಗೆ ಬೇಸರವಾಗುತ್ತದೆ, ಕಾಲದೇಶಗಳ ಔಚಿತ್ಯವೂ ತಪ್ಪುತ್ತದೆ. ಹೊಸ ರಂಗಭೂಮಿ ಚಿತ್ರಪರದೆಯನ್ನು ಬದಿಗಿಟ್ಟದ್ದಕ್ಕೆ ಇದೂ ಒಂದು ಕಾರಣ. ಆದರೆ ಪರದೆಯೊಂದಿಗೆ ಅದರ ಹಿಂದಿದ್ದ ಲೆಕ್ಕಾಚಾರವನ್ನೂ ಬಿಡಬೇಕಾಗಿರಲಿಲ್ಲ. ಹೆಗ್ಗೋಡಿನ ನೀನಾಸಂ 1985ರಲ್ಲಿ ಆರಂಭಿಸಿದ 'ತಿರುಗಾಟ' ಆ ಲೆಕ್ಕವನ್ನು ಹೊಸ ರೀತಿಯಲ್ಲಿ ಉಳಿಸಿಕೊಂಡಿತು: ಊರೂರಿಗೆ ಒಯ್ಯುವ ನಾಟಕದ ರಂಗಸಜ್ಜಿಕೆ ಬೇಗ ಬಿಚ್ಚಿ, ಬೇಗ ಜೋಡಿಸುವಂತಿರಲೇಬೇಕಲ್ಲವೇ?

ಹೊರದೇಶಗಳೂ ಈಗ ಇದೇ ದಾರಿ ಹುಡುಕುತ್ತಿವೆ. ಬ್ರಿಟನ್ನಿನ ರಂಗಕರ್ಮಿಗಳು 2021ರಲ್ಲಿ 'ಥಿಯೇಟರ್ ಗ್ರೀನ್ ಬುಕ್' ಎಂಬ ಕೈಪಿಡಿ ಹೊರತಂದರು. ಅದರ ಮೊದಲ ಹಂತದ ಗುರಿಯಂತೆ ಒಂದು ನಾಟಕಕ್ಕೆ ಬಳಸುವ ಸಾಮಗ್ರಿಯಲ್ಲಿ ಶೇಕಡಾ 50 ಭಾಗ ಹಿಂದೆ ಬಳಕೆಯಾದದ್ದಾಗಿರಬೇಕು. ಶೇಕಡಾ 65 ಭಾಗ ನಾಟಕ ಮುಗಿದ ಮೇಲೂ ಉಪಯೋಗಕ್ಕೆ ಹೋಗಬೇಕು. ನಮ್ಮ ಕಂಪನಿಯವರಿಗೆ ಇಂಥ ಪುಸ್ತಕವಿರಲಿಲ್ಲ. ಬಡತನವೂ ಊರೂರು ಅಲೆದಾಟವೂ ಅವರಿಗೆ ಈ ಪಾಠ ಕಲಿಸಿದ್ದವು.

ಮುಂದಿನ ಸಮ್ಮೇಳನಕ್ಕೆ ಸಜ್ಜಿಕೆ ಯೋಚಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಎಲ್ಲಿಂದ ತರುತ್ತೇವೆ? ಬಿಚ್ಚಲು ಬರುತ್ತದೆಯೇ? ನಾಳೆ ಇದು ಎಲ್ಲಿಗೆ ಹೋಗುತ್ತದೆ? ಅಟ್ಟ ಕಟ್ಟಿದ, ಪರದೆ ಎಳೆದ ಹಿರಿಯರು ನಿಮ್ಮ ಊರಲ್ಲಿ ಇನ್ನೂ ಇದ್ದರೆ ಅವರ ಬಳಿ ಕುಳಿತು ಕೇಳಿ, ಬರೆದಿಟ್ಟುಕೊಳ್ಳಿ. ಬಟ್ಟೆಯ ಪರದೆ ಹರಿದರೆ ಇನ್ನೊಂದನ್ನು ಬರೆಯಿಸಬಹುದು. ಅದನ್ನು ಕಟ್ಟಿ ಆಡಿದ ಕೈಗಳ ಅನುಭವ ಹೋದರೆ ಮತ್ತೆ ಸಿಗುವುದಿಲ್ಲ.